ಸ್ಟೆಲ್ವಿಯೊ ಘಟ್ಟ: ಮೂರು ದಾರಿಗಳಲ್ಲಿ ಯಾವುದನ್ನು ಹತ್ತುವುದು, ಯಾವುದನ್ನು ಇಳಿಯುವುದು

ಇಟಲಿಯ ಉತ್ತರ ಅಂಚಿನಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ತಾಗಿಕೊಂಡಿರುವ ಸ್ಟೆಲ್ವಿಯೊ ಘಟ್ಟದ ನೆತ್ತಿ ಸಮುದ್ರಮಟ್ಟದಿಂದ 2757 ಮೀಟರ್ ಎತ್ತರದಲ್ಲಿದೆ. ಪೂರ್ವ ಆಲ್ಪ್ಸ್‌ನಲ್ಲಿ ಡಾಂಬರು ರಸ್ತೆ ಹಾದುಹೋಗುವ ಘಟ್ಟಗಳಲ್ಲಿ ಇದಕ್ಕಿಂತ ಎತ್ತರದ್ದು ಇನ್ನೊಂದಿಲ್ಲ. ಈ ನೆತ್ತಿಯನ್ನು ಸೈಕಲ್ಲಿನಲ್ಲಿ ಮೂರು ಕಡೆಗಳಿಂದ ತಲುಪಬಹುದು: ಈಶಾನ್ಯದ ವೆನೋಸ್ತಾ ಕಣಿವೆಯಲ್ಲಿರುವ ಪ್ರಾಟೊ ಎಂಬ ಊರಿನಿಂದ, ನೈಋತ್ಯದ ಬೊರ್ಮಿಯೊ ಪಟ್ಟಣದಿಂದ, ಮತ್ತು ಉತ್ತರದ ಸ್ವಿಸ್ ಕಣಿವೆಯಲ್ಲಿರುವ ಸಾಂತಾ ಮರಿಯಾದಿಂದ ಉಂಬ್ರೈಲ್ ಘಟ್ಟದ ಮೂಲಕ. ಮೊದಲ ಎರಡು ದಾರಿಗಳು 1935ರಲ್ಲಿ ಸ್ಥಾಪನೆಯಾದ ಸ್ಟೆಲ್ವಿಯೊ ರಾಷ್ಟ್ರೀಯ ಉದ್ಯಾನದೊಳಗೆ ಹಾದುಹೋಗುತ್ತವೆ. ಮೂರನೆಯದು ಸ್ವಿಸ್ ನೆಲದಲ್ಲಿ ಏರಿ, ಕೊನೆಯ ಮೂರು ಕಿಲೋಮೀಟರಿನಲ್ಲಿ ಬೊರ್ಮಿಯೊ ರಸ್ತೆಯನ್ನು ಸೇರಿಕೊಳ್ಳುತ್ತದೆ.

ಇಲ್ಲಿಗೆ ಹೊರಡುವ ಸೈಕಲ್ ಸವಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಮೂರರಲ್ಲಿ ಯಾವುದು ಹೆಚ್ಚು ಕಠಿಣ ಎಂಬುದು. ಆ ಪ್ರಶ್ನೆಯಿಂದ ನಿರ್ಧಾರಕ್ಕೆ ಬರಲಾಗುವುದಿಲ್ಲ, ಏಕೆಂದರೆ ಮೂರೂ ಕಠಿಣವೇ ಆಗಿವೆ ಮತ್ತು ಅವುಗಳ ಸರಾಸರಿ ಏರಿನ ನಡುವೆ ಇರುವ ಅಂತರ ಬಹಳ ಸಣ್ಣದು. ಯಾವ ದಾರಿಯನ್ನು ಹತ್ತಬೇಕು, ಯಾವುದನ್ನು ಇಳಿಯಬೇಕು, ಮತ್ತು ದಾರಿಯಲ್ಲಿ ಸಿಗುವ ಹಳೆಯ ಪಟ್ಟಣಗಳು ದಿನದ ಯಾವ ಹೊತ್ತಿನಲ್ಲಿ ಎದುರಾಗಬೇಕು ಎಂಬ ಮೂರು ವಿಷಯಗಳನ್ನು ಒಟ್ಟಿಗೆ ಇಟ್ಟುಕೊಂಡು ಯೋಚಿಸಿದರೆ ಮಾತ್ರ ಆಯ್ಕೆ ಸ್ಪಷ್ಟವಾಗುತ್ತದೆ. ಘಟ್ಟ ಹತ್ತುವಾಗ ಕಾಲು ಸೋಲುತ್ತದೆ, ಅಷ್ಟೇ. ಇಳಿಯುವಾಗ ಆಗುವ ತಪ್ಪು ಜೀವಕ್ಕೇ ಎರವಾಗಬಹುದು. ಆದ್ದರಿಂದ ಈ ಹೋಲಿಕೆಯಲ್ಲಿ ಇಳಿಜಾರಿಗೆ ಏರಿನಷ್ಟೇ ತೂಕ ಕೊಟ್ಟಿದ್ದೇನೆ.

ಪ್ರಾಟೊ ಕಡೆಯ ದಾರಿ

ಚಿತ್ರಗಳಲ್ಲಿ ಎಲ್ಲರೂ ನೋಡಿರುವ ಸ್ಟೆಲ್ವಿಯೊ ಇದೇ. ಪ್ರಾಟೊದಿಂದ ನೆತ್ತಿಯವರೆಗೆ 24.3 ಕಿಲೋಮೀಟರ್ ದೂರ, ಸುಮಾರು 1808 ಮೀಟರ್ ಏರು. ಸರಾಸರಿ ಶೇಕಡಾ 7.4ರ ಏರಿಕೆ. ತಿರುವುಗಳು 48. ಪ್ರತಿಯೊಂದು ತಿರುವಿನಲ್ಲೂ ಸಂಖ್ಯೆ ಬರೆದಿದ್ದಾರೆ, ಮತ್ತು ಆ ಎಣಿಕೆ ಕೆಳಗಿನಿಂದ ಇಳಿಮುಖವಾಗಿ ಸಾಗುತ್ತದೆ: ಮೊದಲು ಸಿಗುವುದು 48, ನೆತ್ತಿಗೆ ಮುಟ್ಟುವ ಮುನ್ನ ಸಿಗುವುದು 1. ಈ ಎಣಿಕೆ ಸವಾರನ ಮನಸ್ಸಿಗೆ ಒಂದು ಆಸರೆಯಾಗುತ್ತದೆ, ಆದರೆ ಅದನ್ನು ಪೂರ್ತಿ ನಂಬಬಾರದು. ಗೊಮಗೊಯ್ ಎಂಬ ಹಳ್ಳಿಯವರೆಗೆ ರಸ್ತೆ ಹೊಳೆಯ ಪಕ್ಕದಲ್ಲಿ ತಿರುವುಗಳಿಲ್ಲದೆ ಏರುತ್ತದೆ. ಅಲ್ಲಿಂದ ಟ್ರಾಫೊಯ್ ಹಳ್ಳಿಯನ್ನು ದಾಟಿ ಕಾಡಿನೊಳಗೆ ಹೋದ ಮೇಲೆಯೂ ತಿರುವುಗಳ ನಡುವಿನ ದೂರ ಒಂದೇ ಸಮನಾಗಿಲ್ಲ. ಸಂಖ್ಯೆ ಅರ್ಧವಾಯಿತು ಎಂದ ಮಾತ್ರಕ್ಕೆ ಶ್ರಮ ಅರ್ಧ ಮುಗಿಯಿತು ಎಂದು ಲೆಕ್ಕ ಹಾಕಿದವರು ಮೇಲಿನ ಭಾಗದಲ್ಲಿ ದಣಿಯುತ್ತಾರೆ.

ಆ ಮೇಲಿನ ಭಾಗ ಆರಂಭವಾಗುವುದು ಫ್ರಾನ್ಸೆನ್ಸ್‌ಹೋಹೆ ಎಂಬ ಹಳೆಯ ತಂಗುದಾಣದ ಬಳಿ, 2188 ಮೀಟರ್ ಎತ್ತರದಲ್ಲಿ. ಮರಗಳು ಅಲ್ಲಿಗೆ ಹಿಂದೆ ಸರಿದಿರುತ್ತವೆ, ಮತ್ತು ಉಳಿದ ರಸ್ತೆಯೆಲ್ಲ ಎದುರಿನ ಬೆಟ್ಟದ ಗೋಡೆಯ ಮೇಲೆ ಹಗ್ಗವನ್ನು ಮಡಿಚಿಟ್ಟಂತೆ ಒಮ್ಮೆಗೇ ಕಾಣುತ್ತದೆ. ಇನ್ನೂ ಸುಮಾರು ಏಳು ಕಿಲೋಮೀಟರ್, 570 ಮೀಟರ್ ಏರು ಬಾಕಿ. ಎಡಗಡೆಗೆ 3905 ಮೀಟರ್ ಎತ್ತರದ ಓರ್ಟ್ಲರ್ ಶಿಖರ ಮತ್ತು ಅದರ ಹಿಮನದಿಗಳು. ಮುಂದಿನ ದಾರಿಯೆಲ್ಲ ಕಣ್ಣೆದುರಿಗಿರುವುದು ಕೆಲವರಿಗೆ ಹುರುಪು ತರುತ್ತದೆ, ಕೆಲವರಿಗೆ ಎದೆಗುಂದಿಸುತ್ತದೆ. ನಾನು ಮೊದಲ ಗುಂಪಿಗೆ ಸೇರಿದವನು, ಹಾಗಾಗಿ ಈ ದಾರಿಯ ಬಗ್ಗೆ ನನಗಿರುವ ಒಲವನ್ನು ಮುಚ್ಚಿಡುವುದಿಲ್ಲ.

ಈ ರಸ್ತೆಯ ರೂಪಕ್ಕೆ ಒಂದು ಕಾರಣವಿದೆ. ಬೊರ್ಮಿಯೊ ಕಡೆಯ ಲೊಂಬಾರ್ಡಿ ಪ್ರಾಂತ್ಯವನ್ನು ತನ್ನ ಆಳ್ವಿಕೆಯಲ್ಲಿ ಇಟ್ಟುಕೊಂಡಿದ್ದ ಆಸ್ಟ್ರಿಯಾ ಸಾಮ್ರಾಜ್ಯ, ಅದನ್ನು ಪ್ರಾಟೊ ಕಡೆಯ ಟಿರೋಲ್ ಪ್ರಾಂತ್ಯದೊಂದಿಗೆ ಬೆಸೆಯಲು 1820ರಿಂದ 1825ರ ನಡುವೆ ಈ ದಾರಿಯನ್ನು ಕಟ್ಟಿಸಿತು. ಎಂಜಿನಿಯರ್ ಕಾರ್ಲೊ ದೊನೆಗಾನಿ ಅದರ ಹೊಣೆ ಹೊತ್ತಿದ್ದರು. ಕುದುರೆಗಾಡಿಗಳೂ ಫಿರಂಗಿ ಬಂಡಿಗಳೂ ಏರಬೇಕಾಗಿದ್ದರಿಂದ ಏರಿಕೆಯನ್ನು ಅಷ್ಟೊಂದು ತಿರುವುಗಳಲ್ಲಿ ಹಂಚಿದರು. ಇಷ್ಟು ಎತ್ತರದ ಘಟ್ಟದಲ್ಲಿ ಶೇಕಡಾ 15, 20ರ ಚೂಪಾದ ಏರುಗಳು ದೀರ್ಘವಾಗಿ ಕಾಡದಿರುವುದಕ್ಕೆ ಇನ್ನೂರು ವರ್ಷಗಳ ಹಿಂದಿನ ಆ ಲೆಕ್ಕಾಚಾರವೇ ಕಾರಣ, ಮತ್ತು ಅದರ ಫಲವನ್ನು ಇಂದಿಗೂ ಸೈಕಲ್ ಸವಾರರು ಉಣ್ಣುತ್ತಿದ್ದಾರೆ. ಇಟಲಿಯನ್ನು ಹಲವು ಹಂತಗಳಲ್ಲಿ ಸುತ್ತುವ ಸೈಕಲ್ ಸ್ಪರ್ಧೆಯಾದ ಜಿರೊ ದಿತಾಲಿಯಾ 1953ರಲ್ಲಿ ಮೊದಲ ಬಾರಿಗೆ ಈ ಘಟ್ಟಕ್ಕೆ ಬಂದಾಗ, ಇಟಲಿಯ ಫಾಸ್ತೊ ಕೊಪ್ಪಿ ಸ್ವಿಟ್ಜರ್ಲೆಂಡಿನ ಹ್ಯೂಗೊ ಕೊಬ್ಲೆಯನ್ನು ಹಿಂದಿಕ್ಕಿ, ಒಟ್ಟಾರೆ ಮುನ್ನಡೆಯಲ್ಲಿರುವವರು ತೊಡುವ ಗುಲಾಬಿ ಜೆರ್ಸಿಯನ್ನು ಕಸಿದುಕೊಂಡದ್ದು ಇದೇ ಕಡೆಯ ಏರಿನಲ್ಲಿ; ಅಲ್ಲಿಂದ ಬೊರ್ಮಿಯೊಗೆ ಇಳಿದು ಆ ಹಂತವನ್ನೂ, ಮರುದಿನ ಇಡೀ ಸ್ಪರ್ಧೆಯನ್ನೂ ಅವರು ಗೆದ್ದರು. ಸ್ಪರ್ಧೆಯ ಅತ್ಯುನ್ನತ ಘಟ್ಟಕ್ಕೆ 1965ರಿಂದ ಕೊಡುತ್ತಿರುವ ಬಹುಮಾನಕ್ಕೆ ಅವರದೇ ಹೆಸರಿದೆ.

ಇದೇ ದಾರಿಯನ್ನು ಇಳಿಯುವ ವಿಚಾರಕ್ಕೆ ಬಂದರೆ ನನ್ನ ಸಲಹೆ ಬೇರೆ. ಹತ್ತುವಾಗ ಉಸಿರು ತಿರುಗಿಸಿಕೊಳ್ಳಲು ನೆರವಾಗುವ ತಿರುವುಗಳೇ ಇಳಿಯುವಾಗ ತೊಡಕಾಗುತ್ತವೆ. ಪ್ರತಿ ಇನ್ನೂರು, ಮುನ್ನೂರು ಮೀಟರಿಗೊಮ್ಮೆ ಬಹುತೇಕ ನಿಲ್ಲುವಷ್ಟು ವೇಗ ಇಳಿಸಬೇಕು, ಮತ್ತೆ ಬಿಡಬೇಕು, ಮತ್ತೆ ಹಿಡಿಯಬೇಕು. ವಾಹನಗಳು ಬಲಬದಿಯಲ್ಲಿ ಚಲಿಸುವ ದೇಶವಾದ್ದರಿಂದ ಬಲ ತಿರುವುಗಳು ಇಳಿಯುವವರಿಗೆ ಬಹಳ ಇಕ್ಕಟ್ಟಾಗಿ ಸಿಗುತ್ತವೆ. ಎದುರಿಗೆ ಬರುವ ಬಸ್ಸು ತಿರುಗಿಕೊಳ್ಳಲು ರಸ್ತೆಯ ಪೂರ್ತಿ ಅಗಲವನ್ನು ಬಳಸುತ್ತದೆ. ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್ ಇರುವ ಸೈಕಲ್ಲಿನಲ್ಲಿ ಬೆರಳುಗಳು ಮರಗಟ್ಟುವುದು, ಕಾರ್ಬನ್ ರಿಮ್ ಅತಿಯಾಗಿ ಕಾಯುವುದು ಇಲ್ಲಿ ನಿಜವಾದ ಅಪಾಯಗಳು. 2014ರ ಜಿರೊದಲ್ಲಿ ಹಿಮ ಬೀಳುತ್ತಿರುವಾಗ ಸವಾರರು ಇದೇ ಕಡೆಗೆ ಇಳಿದರು. ಆ ಇಳಿತದಲ್ಲಿ ಯಾರೂ ಮುನ್ನುಗ್ಗದಂತೆ ಸ್ಪರ್ಧೆಯನ್ನು ತಡೆಹಿಡಿದಿದ್ದರೋ ಇಲ್ಲವೋ ಎಂಬ ಗೊಂದಲದಿಂದ ದೊಡ್ಡ ವಿವಾದವೇ ಎದ್ದಿತು. ವೃತ್ತಿಪರರಿಗೇ ಕಷ್ಟವಾದ ಇಳಿಜಾರನ್ನು ದಣಿದ ಮೈಯಲ್ಲಿ ಆರಿಸಿಕೊಳ್ಳುವ ಅಗತ್ಯವಿಲ್ಲ.

ಬೊರ್ಮಿಯೊ ಕಡೆಯ ದಾರಿ

ಬೊರ್ಮಿಯೊ 1225 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಂದ ಹತ್ತಬೇಕಾದದ್ದು ಸ್ವಲ್ಪ ಕಡಿಮೆ: 21.5 ಕಿಲೋಮೀಟರಿನಲ್ಲಿ 1533 ಮೀಟರ್, ಸರಾಸರಿ ಶೇಕಡಾ 7.1. ಊರಿನ ಹೊರಗೆ ರೋಮನ್ನರ ಕಾಲದಿಂದ ಹೆಸರಾದ ಬಿಸಿನೀರಿನ ಬುಗ್ಗೆಗಳ ಸ್ನಾನಗೃಹಗಳನ್ನು ದಾಟಿ, ರಸ್ತೆ ಬ್ರಾವ್ಲಿಯೊ ಹೊಳೆಯ ಕಂದರವನ್ನು ಹೊಕ್ಕು, ಬಂಡೆಗೆ ಅಂಟಿಕೊಂಡಂತೆ ಸಾಲು ಸುರಂಗಗಳ ಮೂಲಕ ಸಾಗುತ್ತದೆ. ಬಳಿಕ ಸ್ಪೊಂದಾಲುಂಗಾ ಎಂಬ ಇಳಿಜಾರಿನ ಮೇಲೆ ತಿರುವುಗಳ ಗೊಂಚಲೊಂದು ಬರುತ್ತದೆ. ಅದರ ಮೇಲೆ ಹುಲ್ಲುಗಾವಲಿನ ಬಯಲು ತೆರೆದುಕೊಳ್ಳುತ್ತದೆ. ಈ ಬಯಲಿನಲ್ಲಿ ಏರು ತುಸು ಸಡಿಲವಾಗುವುದರಿಂದ, ಪ್ರಾಟೊ ಕಡೆಯ ಹಾಗೆ ಇದು ಒಂದೇ ಉಸಿರಿನ ಹೋರಾಟವಲ್ಲ. ನಡುವೆ ಚೇತರಿಸಿಕೊಂಡು ಕೊನೆಯ ಮೂರು ಕಿಲೋಮೀಟರಿಗೆ ಸಿದ್ಧವಾಗಬಹುದು.

ದಾರಿಯುದ್ದಕ್ಕೂ ಕಾಣುವ ಕಲ್ಲಿನ ದೊಡ್ಡ ಮನೆಗಳಿಗೆ ಕಾಂತೊನಿಯೆರಾ ಎನ್ನುತ್ತಾರೆ. ರಸ್ತೆಯನ್ನು ಕಾಯುವವರೂ ಹಿಮ ತೆಗೆಯುವವರೂ ಇರಲೆಂದು ಕಟ್ಟಿದ ಮನೆಗಳು ಇವು. 1919ಕ್ಕೆ ಮೊದಲು ಘಟ್ಟದ ನೆತ್ತಿಯೇ ಇಟಲಿ ಮತ್ತು ಆಸ್ಟ್ರಿಯಾ-ಹಂಗೆರಿಗಳ ಗಡಿಯಾಗಿತ್ತು, ಮೊದಲ ಮಹಾಯುದ್ಧದಲ್ಲಿ ಈ ಹಿಮದ ನಡುವೆಯೇ ಎರಡು ಸೇನೆಗಳು ಎದುರುಬದುರಾಗಿ ನಿಂತಿದ್ದವು. ನೆತ್ತಿಯ ಪಕ್ಕದ ಗುಡ್ಡಕ್ಕೆ ಜರ್ಮನ್ನಿನಲ್ಲಿ ಮೂರು ಭಾಷೆಗಳ ಶಿಖರ ಎಂಬ ಅರ್ಥದ ಹೆಸರಿದೆ. ಇಟಾಲಿಯನ್, ಜರ್ಮನ್, ರೊಮಾನ್ಶ್ ಭಾಷೆಗಳ ಸೀಮೆಗಳು ಅಲ್ಲಿ ಕೂಡುತ್ತವೆ.

ಈ ದಾರಿಯ ಮುಖ್ಯ ಕುಂದು ಸುರಂಗಗಳೇ. ಅವು ಉದ್ದವಲ್ಲ, ಆದರೆ ಕಿರಿದಾಗಿವೆ, ಕತ್ತಲೆಯಾಗಿವೆ, ಒಳಗೆ ನೀರು ಜಿನುಗುತ್ತದೆ. ಹತ್ತುವವರು ನಿಧಾನವಾಗಿ ಸಾಗುವುದರಿಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಬಿಸಿಲಿನಿಂದ ಒಳನುಗ್ಗುವವರಿಗೆ ಮೊದಲ ಒಂದೆರಡು ಕ್ಷಣ ಏನೂ ಕಾಣುವುದಿಲ್ಲ. ಇಟಲಿಯ ಸಂಚಾರ ನಿಯಮದ ಪ್ರಕಾರ ಸುರಂಗದಲ್ಲಿ ಸೈಕಲ್ಲಿಗೆ ದೀಪವಿರಬೇಕು, ಸವಾರರು ಹೊಳೆಯುವ ಮೇಲಂಗಿ ಧರಿಸಿರಬೇಕು. ಇದನ್ನು ದಂಡದ ಭಯಕ್ಕಾಗಿ ಅಲ್ಲ, ಹಿಂದಿನಿಂದ ಬರುವ ಚಾಲಕರಿಗೆ ನೀವು ಕಾಣಬೇಕೆಂಬ ಕಾರಣಕ್ಕಾಗಿ ಪಾಲಿಸಬೇಕು. ಕಪ್ಪು ಕನ್ನಡಕ ಧರಿಸುವವರು ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುವ ಗಾಜನ್ನು ನೆಚ್ಚಿಕೊಳ್ಳಬಾರದು. ಅದು ಬದಲಾಗುವಷ್ಟರಲ್ಲಿ ಸುರಂಗ ಮುಗಿದಿರುತ್ತದೆ.

ಬೊರ್ಮಿಯೊ ಮಾತ್ರ ಅಲ್ಲಿ ಉಳಿದುಕೊಳ್ಳಲು ಮೂರರಲ್ಲೂ ಉತ್ತಮ ಊರು. ಹಳೆಯ ವ್ಯಾಪಾರಮಾರ್ಗದ ಸಂಪತ್ತು ಅದರ ಗೋಪುರಗಳಲ್ಲಿ, ಕಲ್ಲುಹಾಸಿನ ಬೀದಿಗಳಲ್ಲಿ ಉಳಿದಿದೆ. ಮುಖ್ಯ ಚೌಕದಲ್ಲಿ ಕ್ವೆರ್ಚ್ ಎಂಬ, ಊರಿನ ಸಭೆ ಸೇರುತ್ತಿದ್ದ ಮಧ್ಯಯುಗದ ತೆರೆದ ಮಂಟಪವಿದೆ. ಇಲ್ಲಿ ಎರಡು ಮೂರು ದಿನ ತಂಗಿದರೆ ಇದೇ ರಾಷ್ಟ್ರೀಯ ಉದ್ಯಾನದೊಳಗಿನ ಇನ್ನೊಂದು ಘಟ್ಟವಾದ, 2618 ಮೀಟರ್ ಎತ್ತರದ ಗಾವಿಯಾವನ್ನೂ ಹತ್ತಬಹುದು. 1988ರ ಜೂನ್ 5ರಂದು ಜಿರೊ ಸ್ಪರ್ಧೆ ಭಾರೀ ಹಿಮಪಾತದಲ್ಲಿ ಗಾವಿಯಾವನ್ನು ದಾಟಿದಾಗ ಆಂಡಿ ಹ್ಯಾಂಪ್‌ಸ್ಟನ್ ಒಟ್ಟಾರೆ ಮುನ್ನಡೆ ಪಡೆದು, ಮುಂದೆ ಆ ಸ್ಪರ್ಧೆಯನ್ನು ಗೆದ್ದ ಮೊದಲ ಅಮೆರಿಕನ್ ಎನಿಸಿದರು. ಜೂನ್ ತಿಂಗಳಲ್ಲಿಯೂ ಈ ಎತ್ತರದಲ್ಲಿ ಹವೆ ಹೇಗಿರಬಹುದು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಉಂಬ್ರೈಲ್

ಸಾಂತಾ ಮರಿಯಾ 1375 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ 13.4 ಕಿಲೋಮೀಟರಿನಲ್ಲಿ 2501 ಮೀಟರ್ ಎತ್ತರದ ಉಂಬ್ರೈಲ್ ಘಟ್ಟ. ಸ್ವಿಟ್ಜರ್ಲೆಂಡಿನ ಡಾಂಬರು ಘಟ್ಟಗಳಲ್ಲಿ ಇದೇ ಅತಿ ಎತ್ತರದ್ದು. ಸರಾಸರಿ ಶೇಕಡಾ 8.4; ದೂರ ಕಡಿಮೆ, ಆದರೆ ಊರಿನ ಮನೆಗಳ ನಡುವೆಯೇ ಏರು ಆರಂಭವಾಗಿ ಕಾಲಿಗೆ ಕಾವೇರುವ ಮೊದಲೇ ಹಿಡಿದುಬಿಡುತ್ತದೆ. ವಾಹನಗಳು ಇಲ್ಲಿ ಉಳಿದೆರಡು ಕಡೆಗಳಿಗಿಂತ ಕಡಿಮೆ, ಕೆಳಭಾಗದಲ್ಲಿ ದಟ್ಟ ಕಾಡು, ಮೇಲೆ ಹುಲ್ಲುಗಾವಲು. ದಶಕಗಳ ಕಾಲ ಇದರ ನಡುವಿನ ತುಂಡೊಂದು ಮಣ್ಣುದಾರಿಯಾಗಿಯೇ ಇತ್ತು. ಹಳೆಯ ಪುಸ್ತಕಗಳಲ್ಲಿ ಆ ಎಚ್ಚರಿಕೆಯನ್ನು ಓದಿ ಈ ದಾರಿಯನ್ನು ಕೈಬಿಟ್ಟವರಿದ್ದಾರೆ. ಈಗ ಅದು ಪೂರ್ತಿ ಡಾಂಬರಾಗಿದೆ. ಇಳಿಯುವವರಿಗೆ ಇಲ್ಲಿ ಸುರಂಗಗಳ ಕಾಟವಿಲ್ಲ, ತಿರುವುಗಳು ಪ್ರಾಟೊ ಕಡೆಯಷ್ಟು ಒತ್ತೊತ್ತಾಗಿಲ್ಲ. ರಸ್ತೆ ಕಿರಿದು ಎಂಬುದನ್ನೂ, ಕಾಡಿನ ನೆರಳಿನಲ್ಲಿ ತೇವ ಉಳಿದಿರುತ್ತದೆ ಎಂಬುದನ್ನೂ ಮಾತ್ರ ಮನಸ್ಸಿನಲ್ಲಿಡಬೇಕು.

ಹೆಚ್ಚು ಕಸುವುಳ್ಳವರು ಸ್ವಿಟ್ಜರ್ಲೆಂಡಿನ ಎಂಗಾದಿನ್ ಕಣಿವೆಯ ಝೆರ್ನೆಟ್ಸ್‌ನಿಂದ ಹೊರಟು, 1914ರಲ್ಲಿ ಸ್ಥಾಪನೆಯಾದ ಸ್ವಿಸ್ ರಾಷ್ಟ್ರೀಯ ಉದ್ಯಾನದ ನಡುವೆ ಹಾದು, 2149 ಮೀಟರ್ ಎತ್ತರದ ಓಫೆನ್ ಘಟ್ಟ ದಾಟಿ ಸಾಂತಾ ಮರಿಯಾಕ್ಕೆ ಇಳಿಯಬಹುದು. ಆ ಉದ್ಯಾನದ ಕಾಲುದಾರಿಗಳಲ್ಲಿ ಸೈಕಲ್ಲಿಗೆ ಅನುಮತಿಯಿಲ್ಲ; ಮುಖ್ಯ ರಸ್ತೆಯನ್ನು ಬಿಡಬಾರದು.

ಸುತ್ತುದಾರಿಗಳ ಹೋಲಿಕೆ

ಒಂದೇ ದಿನವಿದ್ದರೆ ನನ್ನ ಮೊದಲ ಆಯ್ಕೆ ಸಣ್ಣ ಸುತ್ತು. ಪ್ರಾಟೊದಿಂದ ಹತ್ತಿ, ನೆತ್ತಿಯಿಂದ ಬೊರ್ಮಿಯೊ ಕಡೆಗೆ ಮೂರು ಕಿಲೋಮೀಟರ್ ಇಳಿದು, ನಾಲ್ಕನೆಯ ಕಾಂತೊನಿಯೆರಾದ ಬಳಿ ಬಲಕ್ಕೆ ತಿರುಗಿ, ಉಂಬ್ರೈಲ್ ಮೂಲಕ ಸಾಂತಾ ಮರಿಯಾಕ್ಕೆ ಇಳಿದು, ಮುಸ್ಟೈರ್ ಮತ್ತು ಗ್ಲೊರೆನ್ಸಾ ಪಟ್ಟಣಗಳನ್ನು ಹಾದು ಪ್ರಾಟೊಗೆ ಮರಳುವುದು. ಒಟ್ಟು ಸುಮಾರು 60 ಕಿಲೋಮೀಟರ್. ಏರು ಒಂದೇ, ಅದೂ ಬೆಳಗಿನ ತಂಪಿನಲ್ಲಿ, ಮೈಯಲ್ಲಿ ಕಸುವಿರುವಾಗ. ಸಾಂತಾ ಮರಿಯಾದಿಂದ ಮುಂದೆ ಗ್ಲೊರೆನ್ಸಾದವರೆಗೆ ರಸ್ತೆ ಮೆಲ್ಲಗೆ ಇಳಿಯುತ್ತ ಹೋಗುವುದರಿಂದ, ಹಳೆಯ ಊರುಗಳನ್ನು ನೋಡಲು ಕಾಲಿಗೂ ಮನಸ್ಸಿಗೂ ಬಿಡುವು ಸಿಗುತ್ತದೆ.

ಎರಡನೆಯದು ಬೊರ್ಮಿಯೊವನ್ನೂ ಸೇರಿಸಿಕೊಳ್ಳುವ ದೊಡ್ಡ ಸುತ್ತು: ಪ್ರಾಟೊದಿಂದ ಹತ್ತಿ ಬೊರ್ಮಿಯೊಗೆ ಪೂರ್ತಿ ಇಳಿದು, ಮತ್ತೆ ಅದೇ ರಸ್ತೆಯಲ್ಲಿ ಉಂಬ್ರೈಲ್ ತಿರುವಿನವರೆಗೆ ಹತ್ತಿ, ಸ್ವಿಸ್ ಕಡೆಗೆ ಇಳಿಯುವುದು. ಸುಮಾರು 100 ಕಿಲೋಮೀಟರ್, 3100 ಮೀಟರ್ ಏರು. ಒಂದೇ ದಿನದಲ್ಲಿ ಮಾಡುವವರಿದ್ದಾರೆ. ಆದರೆ ಎರಡನೆಯ ಏರು ನೈಋತ್ಯಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ, ನಡುಹಗಲಿನ ಬಿಸಿಲಿಗೆ ಸಿಗುತ್ತದೆ. ಬೆಟ್ಟಗಳಲ್ಲಿ ಗುಡುಗು ಮಳೆ ಕಟ್ಟುವುದೂ ಮಧ್ಯಾಹ್ನದ ಮೇಲೆಯೇ. ಬೊರ್ಮಿಯೊದಲ್ಲಿ ರಾತ್ರಿ ತಂಗಿ ಎರಡು ದಿನಕ್ಕೆ ಹಂಚಿಕೊಂಡರೆ ಇದೇ ಸುತ್ತು ಬಹಳ ಸೊಗಸಾದದ್ದು, ಮತ್ತು ಸಮಯವಿರುವವರಿಗೆ ನಾನು ಸಣ್ಣ ಸುತ್ತಿಗಿಂತ ಇದನ್ನೇ ಹೇಳುತ್ತೇನೆ.

ಮೂರನೆಯದು ಅದೇ ದೊಡ್ಡ ಸುತ್ತನ್ನು ಬೊರ್ಮಿಯೊದಿಂದ ತಿರುವುಮುರುವಾಗಿ ಮಾಡುವುದು. ದೂರ, ಏರು ಎರಡೂ ಹೆಚ್ಚುಕಡಿಮೆ ಅಷ್ಟೇ. ಆದರೂ ಇದನ್ನು ಶಿಫಾರಸು ಮಾಡಲಾರೆ. 48 ತಿರುವುಗಳನ್ನು ಇಳಿಯಬೇಕಾಗುತ್ತದೆ, ಗ್ಲೊರೆನ್ಸಾದ 907 ಮೀಟರಿನಿಂದ ಮುಸ್ಟೈರ್ ಕಣಿವೆಯನ್ನು ಎದುರೇರಬೇಕಾಗುತ್ತದೆ, ಮುಂದಿರುವ ಉಂಬ್ರೈಲ್ ಏರಿನ ಚಿಂತೆಯಲ್ಲಿ ಪಟ್ಟಣಗಳನ್ನು ನೋಡದೆ ದಾಟಬೇಕಾಗುತ್ತದೆ, ಕೊನೆಗೆ ದಣಿದ ಕೈಗಳಲ್ಲಿ ಸುರಂಗಗಳನ್ನು ಇಳಿಯಬೇಕಾಗುತ್ತದೆ. ಕೆಳಗಿನ ಊರಿಗೆ ತಲುಪುವ ಅನುಕೂಲವೂ ಪ್ರಾಟೊ ಕಡೆಗೇ ಹೆಚ್ಚು: 2005ರಲ್ಲಿ ಮರಳಿ ಆರಂಭವಾದ ಮೆರಾನೊ–ಮಾಲ್ಲೆಸ್ ರೈಲುಮಾರ್ಗದ ನಿಲ್ದಾಣವೊಂದು ಪ್ರಾಟೊದ ಹತ್ತಿರವಿದೆ, ಬೊರ್ಮಿಯೊಗೆ ರೈಲಿಲ್ಲ, ಸಮೀಪದ ನಿಲ್ದಾಣ ಸುಮಾರು 40 ಕಿಲೋಮೀಟರ್ ದೂರದ ತಿರಾನೊ.

ಗೇರು, ಗಾಳಿ, ಉಡುಪು

ಯಾವ ಕಡೆಯಿಂದ ಹತ್ತಿದರೂ ಗೇರಿನ ಲೆಕ್ಕ ಮೊದಲೇ ಆಗಬೇಕು. ಪ್ರಾಟೊ ಕಡೆಯನ್ನು ಮೂರು ಗಂಟೆಗಳಲ್ಲಿ ಹತ್ತುವುದೆಂದರೆ ಗಂಟೆಗೆ ಸುಮಾರು 8 ಕಿಲೋಮೀಟರ್ ವೇಗ. ಚೈನು ಸುತ್ತುವ ಹಲ್ಲುಚಕ್ರಗಳಲ್ಲಿ ಮುಂದೆ 34, ಹಿಂದೆ 32 ಹಲ್ಲುಗಳಿದ್ದರೆ ಆ ವೇಗಕ್ಕೆ ಪೆಡಲ್ ನಿಮಿಷಕ್ಕೆ 60 ಸುತ್ತು ತಿರುಗುತ್ತದೆ. ಹಿಂದೆ 28 ಇದ್ದರೆ 53ಕ್ಕೆ ಇಳಿಯುತ್ತದೆ, ಮಂಡಿಯ ಮೇಲೆ ಬೀಳುವ ಭಾರ ಅಷ್ಟಕ್ಕೆ ಹೆಚ್ಚುತ್ತದೆ. ಸವಾರ, ಸೈಕಲ್ ಎರಡೂ ಸೇರಿ 84 ಕಿಲೋ ತೂಗಿದರೆ, ಗುರುತ್ವವನ್ನು ಮೀರಿ ಮೇಲಕ್ಕೆ ಹೋಗುವುದಕ್ಕೇ ಆ ಮೂರು ಗಂಟೆಯುದ್ದಕ್ಕೂ ಸುಮಾರು 140 ವಾಟ್ ಬೇಕು. ಚಕ್ರದ ಉಜ್ಜುವಿಕೆ, ಗಾಳಿಯ ತಡೆ ಸೇರಿ 160ರ ಹತ್ತಿರ. ಉಂಬ್ರೈಲ್ ಏರು ಇನ್ನಷ್ಟು ಕಡಿದಾಗಿರುವುದರಿಂದ ಅಲ್ಲಿ ಇದೇ ಶಕ್ತಿಗೆ ಪೆಡಲ್ ಮತ್ತಷ್ಟು ನಿಧಾನವಾಗುತ್ತದೆ, ಹಾಗಾಗಿ ಹಿಂದೆ 34 ಹಲ್ಲಿನ ಗೇರು ಇದ್ದರೆ ಒಳ್ಳೆಯದು. ನೆತ್ತಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 71ರಷ್ಟು ಮಾತ್ರ. ಕೆಳಗೆ ಸಲೀಸಾಗಿ ಕೊಟ್ಟ ಶಕ್ತಿಯನ್ನು ಕೊನೆಯ ಐದು ಕಿಲೋಮೀಟರಿನಲ್ಲಿ ಮೈ ಕೊಡಲಾರದು. ಟ್ರಾಫೊಯ್‌ವರೆಗೆ ಇನ್ನೂ ವೇಗವಾಗಿ ಹೋಗಬಲ್ಲೆ ಎನ್ನಿಸುವಷ್ಟು ತಡೆದು ಹತ್ತಿದವರೇ ಫ್ರಾನ್ಸೆನ್ಸ್‌ಹೋಹೆಯ ಮೇಲೆ ಒಂದೇ ಲಯದಲ್ಲಿ ಸಾಗುತ್ತಾರೆ.

ಪ್ರತಿ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ತಾಪಮಾನ ಇಳಿಯುವುದರಿಂದ, ಪ್ರಾಟೊದಲ್ಲಿ 25 ಡಿಗ್ರಿ ಇದ್ದ ದಿನ ನೆತ್ತಿಯಲ್ಲಿ 13ರ ಆಸುಪಾಸು. ಬೆವರಿನಲ್ಲಿ ತೊಯ್ದ ಮೈಗೆ ಇಳಿಯುವಾಗಿನ ಗಾಳಿ ತಾಗಿದರೆ ಅದು ಇನ್ನೂ ಕಡಿಮೆಯಾಗಿ ಅನುಭವಕ್ಕೆ ಬರುತ್ತದೆ. ಗಾಳಿ ತಡೆಯುವ ಮೇಲಂಗಿ, ಪೂರ್ತಿ ಬೆರಳಿನ ಕೈಗವಸು, ಒಣ ಒಳಅಂಗಿ, ಈ ಮೂರನ್ನು ಜುಲೈ ತಿಂಗಳಲ್ಲಿಯೂ ಬಿಟ್ಟುಹೋಗಬಾರದು. ಘಟ್ಟ ಚಳಿಗಾಲದಲ್ಲಿ ಮುಚ್ಚಿರುತ್ತದೆ; ಸಾಮಾನ್ಯವಾಗಿ ಮೇ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ತೆರೆದಿರುತ್ತದೆ. ಬೇಸಗೆಯ ಕೊನೆಯಲ್ಲಿ ವರ್ಷಕ್ಕೊಂದು ದಿನ ಮೂರೂ ಕಡೆಗಳಿಂದ ಮೋಟಾರು ವಾಹನಗಳನ್ನು ತಡೆದು ರಸ್ತೆಯನ್ನು ಸೈಕಲ್ಲುಗಳಿಗೇ ಬಿಟ್ಟುಕೊಡುತ್ತಾರೆ. ಆ ದಿನ ಸವಾರರ ಸಂದಣಿ ಹೆಚ್ಚು. ಆದರೆ ಬೈಕುಗಳ ಗದ್ದಲವಿಲ್ಲದೆ ಈ ಕಣಿವೆಯನ್ನು ಕೇಳಿಸಿಕೊಳ್ಳುವ ಅವಕಾಶ ಬೇರೆ ದಿನ ಮುಂಜಾವಿನ ಹೊರತು ಸಿಗುವುದಿಲ್ಲ.

ಸುತ್ತುದಾರಿ ಎರಡು ದೇಶಗಳನ್ನು ದಾಟುವುದರಿಂದ ಪಾಸ್‌ಪೋರ್ಟ್ ಜೊತೆಯಲ್ಲಿರಬೇಕು. ಸ್ವಿಟ್ಜರ್ಲೆಂಡ್ ಒಂದೇ ವೀಸಾದಲ್ಲಿ ಓಡಾಡಬಹುದಾದ ಷೆಂಗೆನ್ ವಲಯದಲ್ಲಿದೆ, ಯೂರೋಪ್ ಒಕ್ಕೂಟದಲ್ಲಿಲ್ಲ. ಅಲ್ಲಿ ಹಣ ಫ್ರಾಂಕ್, ಮೊಬೈಲ್ ದರಗಳೂ ಬೇರೆ. ತುರ್ತು ಕರೆಗೆ 112 ಎರಡೂ ಕಡೆ ನಡೆಯುತ್ತದೆ.

ಇಳಿದ ಮೇಲಿನ ಊರುಗಳು

ಮುಸ್ಟೈರ್‌ನಲ್ಲಿ ಸೈಕಲ್ ನಿಲ್ಲಿಸದೆ ಹೋಗಬೇಡಿ. ಅಲ್ಲಿನ ಸಂತ ಯೋಹಾನನ ಮಠ ಎಂಟನೆಯ ಶತಮಾನದ ಕೊನೆಯಲ್ಲಿ, ಚಕ್ರವರ್ತಿ ಶಾರ್ಲಮೇನ್‌ನ ಕಾಲದಲ್ಲಿ ಸ್ಥಾಪನೆಯಾದದ್ದು. ಚರ್ಚಿನ ಗೋಡೆಗಳ ಮೇಲೆ ಆ ಕಾಲದ ಭಿತ್ತಿಚಿತ್ರಗಳು ಉಳಿದಿವೆ, 1983ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಸನ್ಯಾಸಿನಿಯರು ಇಂದಿಗೂ ಅಲ್ಲಿ ವಾಸಿಸುತ್ತಾರೆ, ಆದ್ದರಿಂದ ಸೈಕಲ್ ಉಡುಪಿನ ಮೇಲೆ ಒಂದು ಸಾಧಾರಣ ಅಂಗಿ ತೊಟ್ಟು ಒಳಗೆ ಹೋಗುವುದು ಮರ್ಯಾದೆ.

ಗಡಿ ದಾಟಿ ಕಣಿವೆಯ ಬಾಯಿಗೆ ಇಳಿಯುವ ಜಾಗದಲ್ಲಿ, 1499ರ ಮೇ 22ರಂದು ಕಾಲ್ವೆನ್ ಕದನ ನಡೆಯಿತು. ಇಂದು ಸ್ವಿಟ್ಜರ್ಲೆಂಡಿನಲ್ಲಿರುವ ಗ್ರಿಸನ್ ಪ್ರಾಂತ್ಯದ ಪಡೆಗಳು ಆಸ್ಟ್ರಿಯಾವನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಸೇನೆಯನ್ನು ಸೋಲಿಸಿ ಗ್ಲೊರೆನ್ಸಾವನ್ನು ಸುಟ್ಟವು. ಅದಾದ ಮೇಲೆ ಹದಿನಾರನೆಯ ಶತಮಾನದಲ್ಲಿ ಕಟ್ಟಿದ ಕೋಟೆಗೋಡೆ, ಮೂರು ಹೆಬ್ಬಾಗಿಲುಗಳ ಸಹಿತ ಇಂದಿಗೂ ಊರನ್ನು ಪೂರ್ತಿ ಸುತ್ತುವರಿದು ನಿಂತಿದೆ. ಒಳಗೆ ಇರುವ ಜನ ಸುಮಾರು ಒಂಬೈನೂರು. ತೌಫೆರ್ಸ್ ಕಡೆಯ ಬಾಗಿಲಿನಿಂದ ಒಳಹೊಕ್ಕು, ಕಮಾನುಗಳ ಕೆಳಗಿನ ತಗ್ಗು ಜಗಲಿಯಲ್ಲಿ ಕುಳಿತರೆ, ಬೆಳಿಗ್ಗೆ ಹತ್ತಿದ ಬೆಟ್ಟಗಳ ಸಾಲು ಗೋಡೆಯ ಆಚೆ ಕಾಣುತ್ತದೆ. ಅಲ್ಲಿಂದ ಪ್ರಾಟೊಗೆ ಉಳಿಯುವುದು ಏಳೆಂಟು ಕಿಲೋಮೀಟರ್, ಬಹುತೇಕ ಸಮತಟ್ಟು. ಆದಿಜೆ ನದಿಯ ಬದಿಯ ಸೈಕಲ್ ಹಾದಿಯನ್ನು ಹಿಡಿದರೆ ಮುಖ್ಯ ರಸ್ತೆಯ ವಾಹನಗಳ ನಡುವೆ ಸಾಗಬೇಕಾಗಿಲ್ಲ.